ಋಷಿಮೂಲ ಕೇಳಬಾರದಂತೆ, ಹಾಗಾದ್ರೆ ಆಲಿಸ್ ಮನ್ರೋ ಪುಸ್ತಕಗಳನ್ನ ಏನ್ ಮಾಡೋದು?

ನನ್ನ ಹತ್ರ ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋದು 'ಓಪನ್ ಸೀಕ್ರೆಟ್ಸ್' ಅನ್ನೋ ಕಥಾಸಂಕಲನ ಇದೆ. ಅವಳಿಗೆ ನೊಬೆಲ್ ಬಂದ ಮುಂದಿನ ವರ್ಷ, ಅಂದ್ರೆ 2014ರಲ್ಲಿ, ಚರ್ಚ್ ಸ್ಟ್ರೀಟಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಾಳೆ ಹಳದಿ ಆಗಿತ್ತು, ಬೈಂಡಿಂಗ್ ಬಿಟ್ಕೊಂಡಿತ್ತು, ಫೆವಿಕಾಲ್ ಹಚ್ಚಿ ಮೇಲೆ ದಪ್ಪ ನಿಘಂಟು ಹೇರಿ ಒಂದು ರಾತ್ರಿ ಇಟ್ಟು ಸರಿ ಮಾಡಿದ್ದೆ. ಅದರ ಕೊನೇ ಕಥೆ ಹೆಸರು 'ವ್ಯಾಂಡಲ್ಸ್'. ಆ ಕಥೆ ಮುಗಿಯೋ ಕಡೆ ಮಾರ್ಜಿನ್ನಲ್ಲಿ ಪೆನ್ಸಿಲ್ಲಲ್ಲಿ ನಾನೇ ಬರೆದಿರೋ ಒಂದು ಸಾಲಿದೆ: "ಇದೆಲ್ಲ ಈ ಅಜ್ಜಿಗೆ ಹೇಗ್ ಗೊತ್ತು?"

ಹತ್ತು ವರ್ಷ ಆದ್ಮೇಲೆ ಉತ್ತರ ಸಿಕ್ತು. ಆ ತರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ.

2024ರ ಜುಲೈ 7ಕ್ಕೆ ಟೊರಾಂಟೊ ಸ್ಟಾರ್ ಪತ್ರಿಕೇಲಿ ಮನ್ರೋ ಕಿರೀ ಮಗಳು ಆಂಡ್ರಿಯಾ ರಾಬಿನ್ ಸ್ಕಿನ್ನರ್ ಒಂದು ಲೇಖನ ಬರೆದ್ಲು. ಮನ್ರೋ ತೀರ್ಕೊಂಡು ಇನ್ನೂ ಎರಡು ತಿಂಗಳೂ ಆಗಿರ್ಲಿಲ್ಲ, ಮೇ 13ಕ್ಕೆ ಹೋಗಿದ್ಲು, 92 ವರ್ಷ. ನಮ್ಮದೊಂದು ಸಣ್ಣ ಓದುಗರ ಗುಂಪಿದೆ, ಐದಾರು ಜನ, ತಿಂಗಳಿಗೊಂದ್ಸಲ ಯಾರ ಮನೇಲಾದ್ರೂ ಸೇರೋದು, ಒಂದು ಕಥೆ ಓದೋದು, ಕಾಫಿ ಕುಡಿದು ಜಗಳ ಆಡೋದು. ಅಲ್ಲಿ ನಾವು ಮನ್ರೋನ ಅಜ್ಜಿ ಅಂತಾನೇ ಕರೀತಿದ್ವಿ, "ಈ ಸಲ ಅಜ್ಜೀದು ಯಾವ್ದು?" ಅಂತ. ಮೇ ತಿಂಗಳಲ್ಲಿ ಗ್ರೂಪಲ್ಲಿ ಎಲ್ಲರೂ ಕೈಮುಗಿಯೋ ಇಮೋಜಿ ಹಾಕಿದ್ವಿ. ಜುಲೈನಲ್ಲಿ ಒಬ್ಬಳು ಆ ಲೇಖನದ ಲಿಂಕ್ ಹಾಕಿದ್ಲು, ಎಲ್ಲರ ಹೆಸರ ಮುಂದೂ ಬ್ಲೂ ಟಿಕ್ ಬಂತು, ಇಡೀ ದಿನ ಯಾರೂ ಒಂದಕ್ಷರ ಟೈಪ್ ಮಾಡ್ಲಿಲ್ಲ.

ಆಂಡ್ರಿಯಾ ಬರೆದಿದ್ದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಸುಮಾರು ಜನ ಹೆಡ್‌ಲೈನ್ ಮಾತ್ರ ಓದಿ "ಓ, ಅವರ ಗಂಡ ಮಾಡಿದ್ದಲ್ವಾ, ಅವರದ್ದೇನು ತಪ್ಪು" ಅಂತಿದಾರೆ. ಅಪ್ಪ ಅಮ್ಮ ಬೇರೆ ಆಗಿದ್ರು. ಸ್ಕೂಲ್ ಇದ್ದಾಗ ಹುಡುಗಿ ಅಪ್ಪ ಜಿಮ್ ಮನ್ರೋ ಜೊತೆ ವಿಕ್ಟೋರಿಯಾದಲ್ಲಿ ಇರೋದು, ಬೇಸಿಗೆ ರಜೆಗೆ ಒಂಟಾರಿಯೋದ ಕ್ಲಿಂಟನ್ ಅನ್ನೋ ಸಣ್ಣ ಊರಿಗೆ, ಅಮ್ಮನ ಮನೆಗೆ ಹೋಗೋದು. 1976ರ ಬೇಸಿಗೇಲಿ, ಅಮ್ಮ ಊರಲ್ಲಿ ಇಲ್ಲದಾಗ, ಮಲತಂದೆ ಜೆರಾಲ್ಡ್ ಫ್ರೆಮ್ಲಿನ್ ಅವಳು ಮಲಗಿದ್ದ ಹಾಸಿಗೆಗೆ ಬಂದ. ಅವಳಿಗೆ 9 ವರ್ಷ. ಅವನಿಗೆ ಐವತ್ತು ದಾಟಿತ್ತು. ವಾಪಸ್ ಹೋದ್ಮೇಲೆ ಹುಡುಗಿ ಮಲ ಅಣ್ಣನಿಗೆ ಹೇಳಿದ್ಲು, ಅವನು ಅವನ ಅಮ್ಮನಿಗೆ ಹೇಳಿದ, ಅವಳು ಜಿಮ್‌ಗೆ ಹೇಳಿದ್ಲು, ಜಿಮ್ ಯಾರಿಗೂ ಹೇಳ್ಲಿಲ್ಲ. ಮನ್ರೋಗೂ ಹೇಳ್ಲಿಲ್ಲ. ಮುಂದಿನ ಬೇಸಿಗೇಲಿ ಮಗಳನ್ನ ಮತ್ತೆ ಅದೇ ಮನೆಗೆ ಕಳಿಸಿದ. ಫ್ರೆಮ್ಲಿನ್ ಅಸಹ್ಯದ ಮಾತು, ಅಸಹ್ಯದ ವರ್ತನೆ ಅವಳು ಟೀನೇಜಿಗೆ ಬರೋ ತನಕ ನಡೀತು. ಮೈಗ್ರೇನ್, ನಿದ್ದೆ ಬರಲ್ಲ, ತಿಂದಿದ್ದನ್ನ ಕಕ್ಕಿ ಹಾಕೋ ಕಾಯಿಲೆ, ಹೀಗೇ ಬೆಳೆದ್ಲು.

ಆಮೇಲೆ 1992. ಮನ್ರೋ ಯಾವುದೋ ಒಂದು ಕಥೆ ಓದಿದ್ಲಂತೆ, ಅದರಲ್ಲಿ ಮಲತಂದೆಯಿಂದ ಹಿಂಸೆ ಅನುಭವಿಸಿದ ಹುಡುಗಿ ಪ್ರಾಣ ಕಳ್ಕೊತಾಳೆ. ಓದಿ ಮರುಗಿ, ಆ ಹುಡುಗಿ ಅಮ್ಮನಿಗೆ ಯಾಕೆ ಹೇಳ್ಲಿಲ್ಲ ಅಂತ ಮಗಳ ಹತ್ರಾನೇ ಕೇಳಿದ್ಲು. ಯೋಚ್ನೆ ಮಾಡಿ, ಯಾರ ಹತ್ರ ಕೇಳ್ತಿದಾಳೆ ಅಂತ. 25 ವರ್ಷದ ಆಂಡ್ರಿಯಾಗೆ ಅಮ್ಮ ಬಾಗಿಲು ತೆಗೆದ ಹಾಗೆ ಅನ್ಸಿರ್ಬೇಕು, ತಿಂಗಳೊಳಗೆ ಕಾಗದ ಬರೆದು ಎಲ್ಲ ಹೇಳಿದ್ಲು. ಮನ್ರೋ ಅದನ್ನ ತಗೊಂಡಿದ್ದು ಗಂಡ ಬೇರೆ ಹೆಂಗಸಿನ ಜೊತೆ ಹೋಗಿದಾನೆ ಅನ್ನೋ ಸುದ್ದಿ ತಗೊಂಡ ಹಾಗೆ, ತನಗೆ ಮೋಸ ಆಯ್ತು ಅಂತ. ಸಿಟ್ಟಾಗಿ ಮನೆ ಬಿಟ್ಟು ಹೋದ್ಲು. ಫ್ರೆಮ್ಲಿನ್ ಮನೆಯವರಿಗೆಲ್ಲ ಕಾಗದ ಬರೆದ, ಮಾಡಿದ್ದನ್ನ ಒಪ್ಕೊಂಡ, ಆದ್ರೆ ತಪ್ಪು ಒಂಬತ್ತು ವರ್ಷದ ಮಗುವಿನ ತಲೆಗೇ ಕಟ್ಟಿದ, ಅವಳೇ ಸಂಸಾರ ಒಡೆದೋಳು ಅಂತ, ಅದಕ್ಕೆ ನಡುವಯಸ್ಸಿನವನೊಬ್ಬ ಸಣ್ಣ ಹುಡುಗಿ ಹಿಂದೆ ಬೀಳೋ 'ಲೋಲಿಟಾ' ಕಾದಂಬರಿ ಬೇರೆ ಎಳ್ಕೊಂಡು ಬಂದ. ಕೆಲವು ತಿಂಗಳಾದ್ಮೇಲೆ ಮನ್ರೋ ವಾಪಸ್ ಅವನ ಹತ್ರಾನೇ ಹೋದ್ಲು. ನನಗೆ ಹೇಳಿದ್ದೇ ತಡವಾಗಿ, ಅವನ ಮೇಲೆ ನನಗೆ ತುಂಬಾ ಪ್ರೀತಿ, ಮಕ್ಕಳಿಗೋಸ್ಕರ ಹೆಂಗಸು ತನ್ನ ಆಸೆ ಎಲ್ಲ ಬಿಡ್ಬೇಕು ಅನ್ನೋದು ಈ ಗಂಡಸರ ಸಮಾಜದ ಬುದ್ಧಿ, ಹೀಗೆ ಅಂದ್ಲಂತೆ. 2013ರಲ್ಲಿ ಅವನು ಸಾಯೋ ತನಕ ಜೊತೆಗಿದ್ಲು. ನೊಬೆಲ್ ಬಂದಿದ್ದೂ ಅದೇ ವರ್ಷ.

ಈಗ ಆ ಕಥೆಗೆ ಬರ್ತೀನಿ. 'ವ್ಯಾಂಡಲ್ಸ್' ನ್ಯೂಯಾರ್ಕರ್ ಪತ್ರಿಕೇಲಿ ಬಂದಿದ್ದು 1993ರಲ್ಲಿ, ಅಂದ್ರೆ ಆ ಕಾಗದದ ಮುಂದಿನ ವರ್ಷ. ಅದರಲ್ಲಿ ಲ್ಯಾಡ್ನರ್ ಅಂತ ಒಬ್ಬ, ಸತ್ತ ಪ್ರಾಣಿ ಪಕ್ಷಿಗಳ ಚರ್ಮದೊಳಗೆ ತುಂಬಿಸಿ ನಿಲ್ಲಿಸೋನು, ಒಂದು ಕಾಡಿನ ತುಂಡು ಇಟ್ಕೊಂಡು ಊರಿಂದ ದೂರ ಇರ್ತಾನೆ. ಅವನ ಜೊತೆ ಬೀ ಅನ್ನೋ ಹೆಂಗಸು. ಎದುರುಗಡೆ ಮನೇಲಿ ಇಬ್ರು ತಾಯಿಯಿಲ್ಲದ ಮಕ್ಕಳು, ಲೀಝಾ ಮತ್ತೆ ಕೆನ್ನಿ. ಲ್ಯಾಡ್ನರ್ ಆ ಮಕ್ಕಳಿಗೆ ಏನು ಮಾಡ್ತಾನೆ ಅಂತ ಕಥೆ ನೇರವಾಗಿ ಹೇಳಲ್ಲ, ಪಕ್ಕದಲ್ಲಿ ಸರಿದು ಹೋಗುತ್ತೆ. ಲೀಝಾಗೆ ಮಾತ್ರ ಒಂದು ನಂಬಿಕೆ, ಬೀ ಮನಸ್ಸು ಮಾಡಿದ್ರೆ ನಮ್ಮನ್ನ ಕಾಪಾಡ್ಬಹುದು ಅಂತ. ಬೀ ಮನಸ್ಸು ಮಾಡಲ್ಲ. ಲೀಝಾ ದೊಡ್ಡವಳಾದ್ಮೇಲೆ ಅವಳ ಕಾಲೇಜಿಗೆ ಬೀ ದುಡ್ಡು ಕೊಡ್ತಾಳೆ, ಅಷ್ಟೇ. ಒಂದು ಚಳಿಗಾಲದಲ್ಲಿ ಆ ಮನೆ ಖಾಲಿ ಇದ್ದಾಗ ಲೀಝಾ ಹೋಗಿ ಒಳಗಿರೋದನ್ನೆಲ್ಲ ಒಡೆದು ಚೆಲ್ಲಿ ಧ್ವಂಸ ಮಾಡಿ ಬರ್ತಾಳೆ.

ಅಮ್ಮನ ಜಾಗದಲ್ಲಿದ್ದ ಒಬ್ಬ ಹೆಂಗಸು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಹೇಗೆ ಇರ್ತಾಳೆ, ಅದಕ್ಕೆ ತನಗೆ ತಾನೇ ಏನೇನು ಸಬೂಬು ಹೇಳ್ಕೊತಾಳೆ ಅನ್ನೋದನ್ನ ಅಷ್ಟು ಸೂಕ್ಷ್ಮವಾಗಿ ಬರೆದಿರೋದನ್ನ ನೋಡಿಯೇ ನಾನು ಆ ಪೆನ್ಸಿಲ್ ಸಾಲು ಬರೆದಿದ್ದು. ಆಗ ಅದು ಹೊಗಳಿಕೆ. ಈ ಹಳೇ ಕಾಲದ ಅಜ್ಜಿ ಮನುಷ್ಯರ ಒಳಗೆ ಎಷ್ಟು ಇಳಿದು ನೋಡ್ತಾಳೆ ಅಂತ ಬೆರಗು. ಈಗ ಗೊತ್ತಾಗಿದ್ದು, ಅವಳು ಬಗ್ಗಿ ನೋಡ್ಬೇಕಾಗೇ ಇರ್ಲಿಲ್ಲ, ಕನ್ನಡಿ ನೋಡಿದ್ರೆ ಸಾಕಿತ್ತು. ಮಗಳ ಕಾಗದ ಡ್ರಾಯರಲ್ಲಿ ಇಟ್ಕೊಂಡು ಈ ಕಥೆ ಬರೆದಿದಾಳೆ, ಬರೆದು ಮುಗಿಸಿ ಎದ್ದು ಅದೇ ಗಂಡನಿಗೆ ಊಟಕ್ಕೆ ಹಾಕಿದಾಳೆ. (ಡ್ರಾಯರ್ ಅಂದಿದ್ದು ನನ್ನ ಕಲ್ಪನೆ, ಕಾಗದ ಎಲ್ಲಿಟ್ಟಿದ್ಲೋ ಯಾರಿಗ್ ಗೊತ್ತು.)

ಇಲ್ಲೇ ನಮ್ಮ ಮಾಮೂಲಿ ವಾದ ಮುರಿದು ಬೀಳೋದು. ಲೇಖಕರ ಬದುಕು ಬೇರೆ, ಬರಹ ಬೇರೆ ಅನ್ನೋರು, ಇಲ್ಲಿ ಎಲ್ಲಿ ಗೆರೆ ಎಳೀತಾರೆ? ಹಂಸ ಹಾಲು ನೀರು ಬೇರೆ ಮಾಡೋ ಹಾಗೆ ಬೇರೆ ಮಾಡಿ ಅಂತಾರೆ, ಆದ್ರೆ ಇಲ್ಲಿ ಹಾಲೇ ಆ ನೀರಿಂದ ಆಗಿದೆ.

ಕನ್ನಡದಲ್ಲಿ ನಮಗೆ ಈ ವಿಷಯಕ್ಕೆ ಎರಡು ರೆಡಿಮೇಡ್ ಉತ್ತರ ಇದೆ, ಎರಡೂ ಮೂರನೇ ದಿನ ನಮ್ಮ ಗ್ರೂಪಲ್ಲಿ ಬಂತು. ಒಂದು, ಋಷಿಮೂಲ ನದಿಮೂಲ ಹುಡುಕ್ಬಾರ್ದು. ಇನ್ನೊಂದು, ನುಡಿದಂತೆ ನಡೀಬೇಕು, ವಚನಕಾರರ ನಾಡಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ, ನಡೆ ಇಲ್ಲದ ನುಡಿ ಕಸ. ನಾವು ಅನುಕೂಲಕ್ಕೆ ತಕ್ಕ ಹಾಗೆ ಇವೆರಡನ್ನೂ ಬಳಸ್ತೀವಿ. ನಮಗಿಷ್ಟದ ಲೇಖಕ ಸಿಕ್ಕಿಬಿದ್ರೆ ಋಷಿಮೂಲ, ಎದುರು ಪಾರ್ಟಿ ಲೇಖಕ ಸಿಕ್ಕಿಬಿದ್ರೆ ನುಡಿ-ನಡೆ. ಅದಕ್ಕೂ ಮುಂಚೆ, ಋಷಿಯಲ್ಲದವನು ಕವಿಯಾಗಲಾರ ಅಂತ ಕಾವ್ಯಮೀಮಾಂಸೆ ಕ್ಲಾಸಲ್ಲಿ ನಾವೇ ಉರು ಹೊಡೆದಿರ್ತೀವಿ. ಕವಿ ಋಷಿ, ಋಷಿಮೂಲ ಕೇಳ್ಬೇಡ. ಎಷ್ಟು ಚೆನ್ನಾಗಿ ಬೀಗ ಹಾಕಿದೀವಿ ನೋಡಿ, ಒಳಗೆ ಯಾರೋ ಕೂಗ್ತಿದ್ರೂ ಕೇಳಲ್ಲ.

ನನಗೆ ಅನ್ಸೋದು, ಈ ಎರಡೂ ಉತ್ತರದ ಕೆಲಸ ಒಂದೇ, ನಮ್ಮ ಹೊಟ್ಟೆ ಸಂಕಟ ಬೇಗ ಇಳಿಸೋದು. ಪುಸ್ತಕ ಇಟ್ಕೋಬಹುದು ಅಂತ ಒಬ್ಬರು, ಬಿಸಾಕ್ಬೇಕು ಅಂತ ಒಬ್ಬರು, ಏನೋ ಒಂದು ತೀರ್ಮಾನ ಆಗಿ ಫೈಲ್ ಕ್ಲೋಸ್ ಆದ್ರೆ ಸಾಕು. ಆ ಮನೆಯವರು ಮಾಡಿದ್ದೂ ಅದೇ ಅಲ್ವಾ? ಜಿಮ್ ಮನ್ರೋಗೆ ಶಾಂತಿ ಬೇಕಿತ್ತು, ಆಲಿಸ್‌ಗೆ ಶಾಂತಿ ಬೇಕಿತ್ತು. ನಮ್ಮ ಕಡೆ ಇದಕ್ಕೆ ಮನೆ ಮರ್ಯಾದೆ ಅಂತೀವಿ, "ಆಗಿದ್ದಾಯ್ತು ಬಿಡು, ಈಗ ಅದನ್ನ ಕೆದಕಿ ಏನ್ ಬಂತು" ಅಂತೀವಿ. ಓದುಗರಾದ ನಾವು ಗಡಿಬಿಡೀಲಿ ಸಮಾಧಾನ ಹುಡುಕೋಕೆ ಹೊರಟ್ರೆ ಅದೇ ಮನೆಯ ಇನ್ನೊಂದು ಕೋಣೆ ಆಗ್ತೀವಿ, ಅಷ್ಟೇ.

ಮನೆ ಒಳಗೆ ಮಾತ್ರ ಅಲ್ಲ ಇದು ಗೊತ್ತಿದ್ದಿದ್ದು. 2002ರಲ್ಲಿ ಆಂಡ್ರಿಯಾ ಬಸುರಿ, ಅವಳಿ ಮಕ್ಕಳು, ಆ ಮನುಷ್ಯ ನನ್ನ ಮಕ್ಕಳ ಹತ್ರ ಬರ್ಬಾರ್ದು ಅಂತ ಹೇಳಿದ್ಲು, ಅಲ್ಲಿಗೆ ಅಮ್ಮ ಮಗಳ ಸಂಬಂಧ ಮುರೀತು. 2004ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಝೀನಲ್ಲಿ ಮನ್ರೋ ಗಂಡನ ಬಗ್ಗೆ ಪ್ರೀತಿಯಿಂದ ಮಾತಾಡಿದ್ದನ್ನ ಓದಿ ತಡೀಲಾರದೆ, ಫ್ರೆಮ್ಲಿನ್ ಬರೆದಿದ್ದ ಅದೇ ಹಳೇ ಕಾಗದಗಳನ್ನ ತಗೊಂಡು ಪೊಲೀಸರ ಹತ್ರ ಹೋದ್ಲು. 2005ರ ಮಾರ್ಚಲ್ಲಿ, 80 ವರ್ಷದ ಫ್ರೆಮ್ಲಿನ್ ಕೋರ್ಟಲ್ಲಿ ತಪ್ಪೊಪ್ಕೊಂಡ. ಜೈಲಾಗ್ಲಿಲ್ಲ, ಎರಡು ವರ್ಷ ಪ್ರೊಬೇಷನ್. ಅಂದ್ರೆ ಇದು ಆರೋಪ, ಗಾಳಿಮಾತು, ಯಾವುದೂ ಅಲ್ಲ, ಕೋರ್ಟ್ ದಾಖಲೆ. ಆದ್ರೂ 19 ವರ್ಷ ಒಂದು ಪತ್ರಿಕೇಲೂ ಸುದ್ದಿ ಆಗ್ಲಿಲ್ಲ. ಮನ್ರೋ ಜೀವನಚರಿತ್ರೆ ಬರೀತಿದ್ದ ಪ್ರೊಫೆಸರ್ ಒಬ್ಬರಿಗೆ ಆಂಡ್ರಿಯಾ ಅದೇ ವರ್ಷ ತಿಳಿಸಿದ್ಲು, ಅವರು ಪುಸ್ತಕದಲ್ಲಿ ಸೇರಿಸ್ಲಿಲ್ಲ. ಎಂಟು ವರ್ಷ ಆದ್ಮೇಲೆ ನೊಬೆಲ್ ಬಂದಾಗ ಜಗತ್ತೆಲ್ಲ, ನಾವೂ ಸೇರಿ, ಹೆಣ್ಣುಮಕ್ಕಳ ಒಳಗುದಿ ಇಷ್ಟು ಅರ್ಥ ಮಾಡ್ಕೊಂಡೋಳು ಇನ್ನೊಬ್ಬಳಿಲ್ಲ ಅಂತ ಬರೆದ್ವಿ.

ಫ್ರಾನ್ಸಲ್ಲಂತೂ ಮುಚ್ಚಿಡೋ ಕಷ್ಟಾನೂ ತಗೊಂಡಿರ್ಲಿಲ್ಲ. ಗಾಬ್ರಿಯೆಲ್ ಮಾಟ್ಸ್‌ನೆಫ್ ಅನ್ನೋ ಲೇಖಕ ಸಣ್ಣ ಹುಡುಗ ಹುಡುಗಿಯರ ಜೊತೆ ತಾನು ಏನ್ ಮಾಡ್ತೀನಿ ಅಂತ ದಿನಚರೀಲಿ ಬರೆದು ಅಚ್ಚು ಹಾಕಿಸ್ತಿದ್ದ. 1990ರಲ್ಲಿ ಟಿವಿಯ ದೊಡ್ಡ ಸಾಹಿತ್ಯ ಕಾರ್ಯಕ್ರಮದಲ್ಲಿ ಕೂತು ನಗ್ತಾ ಅದರ ಬಗ್ಗೆ ಮಾತಾಡಿದ, ಪಕ್ಕದಲ್ಲಿದ್ದೋರೂ ನಕ್ಕರು, ಕೆನಡಾದ ಕ್ವಿಬೆಕ್‌ನಿಂದ ಬಂದಿದ್ದ ಲೇಖಕಿ ದೆನೀಸ್ ಬೊಂಬಾರ್ದಿಯೆ ಒಬ್ಬಳೇ ಇದು ತಪ್ಪು ಅಂತ ಅವನ ಮುಖಕ್ಕೆ ಹೇಳಿದ್ದು. ಆಮೇಲೆ ಬೈಗುಳ ತಿಂದಿದ್ದು ಅವಳು. 2020ರ ಜನವರೀಲಿ, ಅವನಿಂದ 14ನೇ ವಯಸ್ಸಲ್ಲಿ ನಲುಗಿದ್ದ ವನೆಸ್ಸಾ ಸ್ಪ್ರಿಂಗೋರಾ ತನ್ನದೇ ಪುಸ್ತಕ ಬರೆದ್ಮೇಲೆ ಪ್ರಕಾಶಕರು ಅವನ ದಿನಚರಿ ಮಾರೋದು ನಿಲ್ಲಿಸಿದ್ರು. ಅಷ್ಟು ವರ್ಷ ಎಲ್ಲರ ಕಪಾಟಲ್ಲೇ ಇತ್ತು ಸಾಕ್ಷಿ, ಕಿತಾಬಿನ ರೂಪದಲ್ಲಿ, ಬೆಲೆ ಹಾಕಿ.

ಹೀಗೆ ಕಣ್ಮುಂದೆ ಇದ್ದಿದ್ದನ್ನ ಓದದೇ ಇರೋ ಕಲೇಲಿ ನಾವೇನೂ ಕಮ್ಮಿ ಇಲ್ಲ. ಚಿಲಿಯ ಕವಿ ಪಾಬ್ಲೊ ನೆರೂಡನ್ನೇ ತಗೊಳ್ಳಿ. ಬಂಡಾಯದ ಕಾಲದಿಂದ ನಮ್ಮಲ್ಲಿ ಅವನ ಹೆಸರು ಓಡಾಡುತ್ತೆ, ಅನುವಾದ ಆಗಿದೆ, ಭಾಷಣಗಳಲ್ಲಿ ಬರುತ್ತೆ. ಅವನು ತೀರ್ಕೊಂಡ ಮುಂದಿನ ವರ್ಷ, 1974ರಲ್ಲಿ, ಅವನ ಆತ್ಮಕಥೆ ಬಂತು. ಅದರಲ್ಲಿ ಸಿಲೋನಿನ ಭಾಗ ಇದೆ, 1929ರ ಸುಮಾರು ಅವನು ಕೊಲಂಬೋದಲ್ಲಿ ಚಿಲಿ ದೇಶದ ಕಾನ್ಸಲ್ ಆಗಿದ್ದಾಗಿನದ್ದು. ಮನೆ ಹಿಂದೆ ಕಕ್ಕಸು, ಕೆಳಗೆ ಡಬ್ಬಿ, ಪ್ರತಿ ದಿನ ಅದು ಹೇಗೋ ಕ್ಲೀನ್ ಆಗಿರುತ್ತೆ, ಯಾರು ಮಾಡ್ತಾರೆ ಅಂತ ಅವನಿಗೆ ಗೊತ್ತಿಲ್ಲ. ಒಂದಿನ ಬೇಗ ಎದ್ದಾಗ ನೋಡ್ತಾನೆ, ಒಬ್ಬ ತಮಿಳು ಹೆಂಗಸು, ಅಸ್ಪೃಶ್ಯ ಜಾತಿಯವಳು, ಡಬ್ಬಿ ತಲೆ ಮೇಲಿಟ್ಕೊಂಡು ಹೋಗ್ತಿದಾಳೆ. ಅವಳ ಸೀರೆ, ಕಾಲ್ಕಡಗ, ನಡಿಗೆ ಎಲ್ಲ ಬಹಳ ಚೆಂದ ವರ್ಣಿಸ್ತಾನೆ, ಕವಿ ಅಲ್ವಾ. ಅವಳು ಇವನ ಕಡೆ ತಿರುಗಿಯೂ ನೋಡಲ್ಲ, ಇಟ್ಟ ಹಣ್ಣು ಬಟ್ಟೆ ಮುಟ್ಟಲ್ಲ. ಒಂದಿನ ಬೆಳಗ್ಗೆ ಮಣಿಕಟ್ಟು ಹಿಡಿದು ಒಳಗೆ ಕರ್ಕೊಂಡು ಹೋಗ್ತಾನೆ. ಅವಳು ಪ್ರತಿಮೆ ತರ ಇದ್ಲು, ಕಣ್ಣು ತೆರೆದೇ ಇತ್ತು, ನನ್ನನ್ನ ತಿರಸ್ಕರಿಸಿದ್ದು ಸರಿಯೇ ಅಂತ ಅವನೇ ಬರ್ಕೊಂಡಿದಾನೆ.

ಇದು ಅತ್ಯಾಚಾರ ಅಂತ ಗೊತ್ತಾಗೋಕೆ ಯಾವ ಸಿದ್ಧಾಂತಾನೂ ಬೇಕಾಗಿಲ್ಲ. ಆದ್ರೂ ದಶಕಗಟ್ಟಲೆ ಜಗತ್ತೇ ಆ ಪುಟ ದಾಟ್ಕೊಂಡು ಹೋಯ್ತು. ಚಿಲಿಯಲ್ಲಿ ದೊಡ್ಡ ಗಲಾಟೆ ಆಗಿದ್ದು 2018ರಲ್ಲಿ, ಸ್ಯಾಂಟಿಯಾಗೋ ಏರ್‌ಪೋರ್ಟಿಗೆ ನೆರೂಡನ ಹೆಸರಿಡೋ ಪ್ರಸ್ತಾಪ ಬಂದಾಗ. ನೀನು ಮೌನವಾಗಿದ್ದಾಗ ನನಗಿಷ್ಟ ಅಂತ ಅವನದ್ದೊಂದು ಫೇಮಸ್ ಪ್ರೇಮಪದ್ಯ ಇದೆ, ಅದಕ್ಕೆ ಅಲ್ಲಿನ ಹೆಣ್ಣುಮಕ್ಕಳು ತಿರುಗಿಸಿ ಕೊಟ್ಟಿದ್ದು: ನೆರೂಡ, ನೀನೇ ಬಾಯ್ಮುಚ್ಚು. ಏರ್‌ಪೋರ್ಟ್ ಹೆಸರು ಬದಲಾಗ್ಲಿಲ್ಲ.

ಕನ್ನಡಿಗರಿಗೆ ಆ ಡಬ್ಬಿ ಗೊತ್ತಿಲ್ಲದ್ದೇನಲ್ಲ. ನಮ್ಮಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿ ನಿಷೇಧ ಮಾಡಿದ್ದು 1970ರ ದಶಕದಲ್ಲಿ, ಅರಸು ಸರ್ಕಾರದಲ್ಲಿ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪ. ಅದೇ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದಿದ್ದಕ್ಕೆ 1973ರಲ್ಲಿ ರಾಜ್ಯಾನೇ ಹೊತ್ಕೊಂಡು ಉರಿದು, ಮಂತ್ರಿಗಿರಿ ಬಿಡ್ಬೇಕಾಯ್ತು. ಸಾಹಿತ್ಯಕ್ಕೆ ಅವಮಾನ ಅಂದ್ರೆ ಬೀದಿಗಿಳಿಯೋ ನಾವು, ಮರುವರ್ಷವೇ ಬಂದ ನೆರೂಡನ ಆತ್ಮಕಥೇಲಿ ಡಬ್ಬಿ ಹೊತ್ತ ಹೆಂಗಸನ್ನ ಕಂಡು ಏನೂ ಅನ್ಲಿಲ್ಲ. ಆ ಹೆಂಗಸಿಗೆ ಪುಸ್ತಕದಲ್ಲಿ ಹೆಸರಿಲ್ಲ. ಆಂಡ್ರಿಯಾಗಾದ್ರೂ ಕಾಗದ ಬರೆಯೋಕೆ ಬಂತು, ಪತ್ರಿಕೇಲಿ ಜಾಗ ಸಿಕ್ತು.

ಸರಿ, ಪುಸ್ತಕಗಳ ವಿಷಯ. ಪ್ರಾಕ್ಟಿಕಲ್ ಆಗಿ ಮಾತಾಡೋಣ, ಯಾಕಂದ್ರೆ ಎಲ್ಲರೂ ಕೊನೆಗೆ ಕೇಳೋದು ಇದನ್ನೇ. ಲೇಖಕ ಬದುಕಿದಾನೋ ಸತ್ತಿದಾನೋ ಅನ್ನೋದು ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ. ಬದುಕಿದ್ರೆ ನಾವು ಕೊಡೋ ದುಡ್ಡು, ತೋರಿಸೋ ಅಭಿಮಾನ, ಸಾಲಲ್ಲಿ ನಿಂತು ತಗೊಳೋ ಆಟೋಗ್ರಾಫ್ ಎಲ್ಲ ಅವನಿಗೆ ಇನ್ನೊಬ್ಬರ ಮೇಲೆ ಸಿಗೋ ಬಲ. ಇಂಗ್ಲಿಷಿನ ಫ್ಯಾಂಟಸಿ ಲೇಖಕ ನೀಲ್ ಗೇಮನ್ ಮೇಲೆ 2024ರ ಜುಲೈನಲ್ಲೇ ಒಂದು ಪಾಡ್‌ಕಾಸ್ಟಲ್ಲಿ ಹೆಂಗಸರು ಆರೋಪ ಮಾಡಿದ್ರು, 2025ರ ಜನವರೀಲಿ ನ್ಯೂಯಾರ್ಕ್ ಮ್ಯಾಗಝೀನ್ ದೊಡ್ಡ ವರದಿ ಮಾಡ್ತು, ಗೇಮನ್ ಒಪ್ಪಿಗೆ ಇಲ್ಲದೇ ಏನೂ ನಡೆದಿಲ್ಲ ಅಂತ ಅಲ್ಲಗಳೀತಾರೆ. ಇಂಥ ಕಡೆ ನಾನು ಜಡ್ಜ್ ಆಗಲ್ಲ, ಆದ್ರೆ ಅಭಿಮಾನಿ ಆಗಿಯೂ ಓಡಾಡಲ್ಲ, ಅಷ್ಟರ ಮಟ್ಟಿಗೆ ನನ್ನ ಕೈಲಿ ಆಗುತ್ತೆ. ಕೋರ್ಟ್ ತೀರ್ಪು ಬರೋ ತನಕ ಏನೂ ಮಾತಾಡ್ಬೇಡಿ ಅನ್ನೋರಿಗೆ ಮನ್ರೋ ಮನೆಯ 19 ವರ್ಷ ತೋರಿಸ್ಬೇಕು, ತೀರ್ಪು ಬಂದ್ಮೇಲೂ ಯಾರೂ ಮಾತಾಡ್ಲಿಲ್ಲ.

ಸತ್ತಿದ್ರೆ ದುಡ್ಡು ವಾರಸುದಾರರಿಗೆ ಹೋಗುತ್ತೆ, ನಮ್ಮ ದೇಶದಲ್ಲಿ ಲೇಖಕರು ಸತ್ತ ಮೇಲೆ 60 ವರ್ಷ ಕಾಪಿರೈಟ್, ಕೆನಡಾದಲ್ಲಿ ಈಗ 70. ಮರಿಯನ್ ಝಿಮ್ಮರ್ ಬ್ರಾಡ್ಲಿ ಅಂತ ಅಮೆರಿಕದ ಫ್ಯಾಂಟಸಿ ಲೇಖಕಿ ಇದ್ಲು, ಹೆಣ್ಣಿನ ಕಣ್ಣಲ್ಲಿ ಪುರಾಣ ಹೇಳಿದೋಳು ಅಂತ ಒಂದು ತಲೆಮಾರಿನ ಹುಡುಗಿಯರಿಗೆ ದೇವತೆ. 1999ರಲ್ಲಿ ಸತ್ಲು. 2014ರಲ್ಲಿ ಅವಳ ಮಗಳು, ಅಮ್ಮ ನನ್ನನ್ನ ಚಿಕ್ಕಂದಿನಿಂದ ಲೈಂಗಿಕವಾಗಿ ಹಿಂಸೆ ಮಾಡಿದ್ಲು ಅಂತ ಹೇಳಿದ್ಲು. ಆಗ ಬ್ರಿಟನ್ನಿನ ಪ್ರಕಾಶಕರು ಅವಳ ಇ-ಬುಕ್ ಆದಾಯ ಮಕ್ಕಳ ಸಂಸ್ಥೆಗೆ ಕೊಡೋಕೆ ಶುರು ಮಾಡಿದ್ರು. ಅದೊಂದು ದಾರಿ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ, ಲೈಬ್ರರೀಲಿ ಓದಿದ್ರೆ ಲೇಖಕರಿಗೆ ಪೈಸಾ ಹೋಗಲ್ಲ. ಆದ್ರೆ ನಿಜ ಹೇಳ್ಬೇಕಂದ್ರೆ ನನಗೆ ನಿದ್ದೆ ಕೆಡಿಸಿದ್ದು ರಾಯಲ್ಟಿ ಅಲ್ಲ. ನನ್ನ ಪ್ರತಿಗೆ ಕೊಟ್ಟ ದುಡ್ಡು ಅಂಗಡಿಯವನಿಗೆ ಹೋಗಿದ್ದು, ಮನ್ರೋಗಲ್ಲ.

ಪಾಠ ಮಾಡೋರಿಗೆ ಇನ್ನೂ ಕಷ್ಟ. ಮನ್ರೋ ಓದಿದ್ದ ವೆಸ್ಟರ್ನ್ ಯೂನಿವರ್ಸಿಟಿ ಅವಳ ಹೆಸರಲ್ಲಿದ್ದ ಪೀಠಾನ ಸದ್ಯಕ್ಕೆ ನಿಲ್ಲಿಸ್ತು. ಇಂಗ್ಲಿಷ್ ಪಾಠ ಮಾಡೋ ಗೆಳತಿ ಒಬ್ಬಳು ಕೇಳಿದ್ಲು, ಸಿಲೆಬಸಲ್ಲಿದ್ರೆ ಏನ್ ಮಾಡ್ತಿದ್ದೆ ಅಂತ. ಕಥೆ ಜೊತೆ ಮಗಳ ಲೇಖನಾನೂ ಓದಿಸ್ತಿದ್ದೆ ಅಂದೆ. ಆಂಡ್ರಿಯಾ ಕೇಳಿದ್ದೂ ಅದನ್ನೇ ಕಣ್ರೀ. ಪುಸ್ತಕ ಸುಡಿ ಅಂತ ಎಲ್ಲೂ ಅಂದಿಲ್ಲ. ಅಮ್ಮನ ಬಗ್ಗೆ ಜನ ಹೇಳೋ ಕಥೇಲಿ ನನ್ನ ಕಥೆಯೂ ಸೇರ್ಲಿ ಅಂದ್ಲು, ಇದನ್ನ ಬಿಟ್ಟು ಇನ್ನೊಂದು ಸಂದರ್ಶನ, ಇನ್ನೊಂದು ಜೀವನಚರಿತ್ರೆ ನೋಡೋಕೆ ನನಗಿಷ್ಟ ಇಲ್ಲ ಅಂದ್ಲು. ನಾವು ಮಾತ್ರ ಪುಸ್ತಕ ಇಟ್ಕೊಳೋದಾ ಬಿಡೋದಾ ಅಂತ ನಮ್ಮ ಕಪಾಟಿನ ಬಗ್ಗೆನೇ ಚರ್ಚೆ ಮಾಡ್ತಿದೀವಿ. ಜಿಮ್ ಮನ್ರೋ ಆಲಿಸ್ ಸೇರಿ 1963ರಲ್ಲಿ ಶುರು ಮಾಡಿದ್ದ ವಿಕ್ಟೋರಿಯಾದ ಪುಸ್ತಕದಂಗಡಿ ಇದೆ, ಈಗ ಬೇರೆಯವರದ್ದು, ಹೆಸರು ಮಾತ್ರ ಅದೇ, ಅವರು ಆಂಡ್ರಿಯಾ ಪರ ನಿಲ್ತೀವಿ ಅಂತ ನೇರ ಹೇಳಿದ್ರು. ಪುಸ್ತಕ ಮಾರಿ ಬದುಕೋರು ಹೇಳಿದ ಮಾತು ಅದು.

ಸಂಕಟ ಆಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಒಬ್ಬ ಲೇಖಕಿಯನ್ನ ಹತ್ತು ಹದಿನೈದು ವರ್ಷ ಓದಿದ್ರೆ ಅವಳು ಮನೆ ಹಿರಿಯಳ ಹಾಗೆ ಆಗಿರ್ತಾಳೆ, ನಿಮ್ಮ ಮದುವೆ, ಜಗಳ, ಅಪ್ಪನ ಸಾವು ಎಲ್ಲದಕ್ಕೂ ಅವಳದ್ದೊಂದು ಸಾಲು ತಲೇಲಿ ಓಡಿರುತ್ತೆ, ಅದನ್ನ ಈಗ ಕಿತ್ತು ವಾಪಸ್ ಕೊಡೋಕಾಗಲ್ಲ. ಕೆಲವ್ರು ಓದೋಕೇ ಆಗ್ತಿಲ್ಲ ಅಂತಾರೆ, ಓದ್ಬೇಡಿ. ಕೆಲವ್ರು ಮೊದಲಿಗಿಂತ ಜಾಸ್ತಿ ಓದ್ತಿದಾರೆ, ನಾನೂ ಆ ಗುಂಪು, ಪೊಲೀಸಿನವರು ಮಹಜರು ಮಾಡೋ ತರ ಒಂದೊಂದೇ ಸಾಲು. ನಾನೇ ಮೋಸ ಹೋದೆ, ನನಗೆ ಯಾಕೆ ಗೊತ್ತಾಗ್ಲಿಲ್ಲ ಅನ್ನೋ ನಾಚಿಕೆ ಬೇರೆ. ಅದಕ್ಕೊಂದು ಮಾತು ಹೇಳ್ಬಹುದು, ಒಳ್ಳೇ ಬರಹ ಒಳ್ಳೇತನಕ್ಕೆ ಸರ್ಟಿಫಿಕೇಟ್ ಅಂತ ನಂಬಿದ್ದು ನಾವು, ಅವಳೇನೂ ಹಾಗಂತ ಬರೆದು ಕೊಟ್ಟಿರ್ಲಿಲ್ಲ.

ನಮ್ಮ ಗುಂಪಲ್ಲಿ ಒಬ್ಬಳು ಮಾತ್ರ ಈ ಚರ್ಚೇಲಿ ಒಂದೂ ಮಾತಾಡಿರ್ಲಿಲ್ಲ. ಆ ವರ್ಷ ಡಿಸೆಂಬರಲ್ಲಿ ನಮ್ಮನೆಗೆ ಬಂದಿದ್ಲು, ಅವರೆಕಾಯಿ ಸೀಸನ್ನು, ನೆನೆಸಿದ ಕಾಳು ಮಧ್ಯ ಇಟ್ಕೊಂಡು ಇಬ್ರೂ ಹಿತುಕ್ತಾ ಕೂತಿದ್ವಿ. ಹಿತಕಿದ ಬೇಳೆ ಕೆಲಸ ನಿಮಗೆ ಗೊತ್ತಲ್ಲ, ಕೈಗೆ ಕೆಲಸ, ಕಣ್ಣಿಗೆ ಕೆಲಸ, ಯಾರೂ ಯಾರ ಮುಖಾನೂ ನೋಡ್ಬೇಕಾಗಿಲ್ಲ. ಅವಳು ಕಾಳು ಹಿತುಕ್ತಾನೇ ಅಂದ್ಲು, "ನಿಮಗೆಲ್ಲ ಅಷ್ಟು ಶಾಕ್ ಆಗಿದ್ದು ನೋಡಿ ನಂಗೆ ಶಾಕ್ ಆಯ್ತು ಕಣೆ. ನಮ್ಮಮ್ಮನೂ ಅದೇ ಕೇಳಿದ್ದು, ಇಷ್ಟ್ ದಿನ ಯಾಕೆ ಹೇಳ್ಲಿಲ್ಲ ಅಂತ." ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಅದೇ ಮಾವನ ಮಗಳ ಮದ್ವೇಗೆ ಎಲ್ಲರೂ ಹೋದ್ವಿ. ನಾನೇ ಆರತಿ ಹಿಡಿದಿದ್ದು." ನಾನು ಏನೂ ಅನ್ಲಿಲ್ಲ. ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ ಬೀಳ್ತಿತ್ತು.

ಆ ದಿನದಿಂದ ನನಗೆ ಈ ಇಡೀ ಚರ್ಚೆಯ ತೂಕಾನೇ ಬೇರೆ ಆಯ್ತು. ಕಲೆ ಕಲಾವಿದ ಅಂತ ನಾವು ಗ್ರೂಪಲ್ಲಿ ಉದ್ದುದ್ದ ಬರೀವಾಗ, ಅದನ್ನ ಓದ್ತಾ ಸುಮ್ಮನಿರೋರು ಇರ್ತಾರೆ, ಅವರು ನಮ್ಮ ಪ್ರತಿ ಮಾತಲ್ಲೂ ಒಂದು ಲೆಕ್ಕ ಹಾಕ್ತಿರ್ತಾರೆ, ಇವರ ಹತ್ರ ಹೇಳ್ಕೊಬಹುದಾ ಬೇಡ್ವಾ ಅಂತ. "ಸತ್ತ ಮೇಲೆ ಹೇಳಿದ್ರೆ ಏನ್ ಪ್ರಯೋಜನ" ಅಂತ ನೀವು ಮನ್ರೋ ಬಗ್ಗೆ ಟೈಪ್ ಮಾಡಿದ್ದು ಅವರ ಬಗ್ಗೆ ಹೇಳಿದ ಹಾಗೇ ಕೇಳುತ್ತೆ. ತಡವಾಗಿ ಹೇಳಿದ್ರು ಅನ್ನೋದಕ್ಕೆ ನಮ್ಮ ಕೋರ್ಟೇ ಒಂದು ಉತ್ತರ ಕೊಟ್ಟಿದೆ. ಪತ್ರಿಕಾ ಸಂಪಾದಕ, ಕೇಂದ್ರ ಮಂತ್ರಿ ಆಗಿದ್ದ ಎಂ.ಜೆ. ಅಕ್ಬರ್ ತಮ್ಮ ಮೇಲಿನ ಲೈಂಗಿಕ ಕಿರುಕುಳದ ಆರೋಪಗಳನ್ನ ಅಲ್ಲಗಳೆದು ಪತ್ರಕರ್ತೆ ಪ್ರಿಯಾ ರಮಣಿ ಮೇಲೆ ಹಾಕಿದ್ದ ಮಾನನಷ್ಟ ಕೇಸಲ್ಲಿ 2021ರ ಫೆಬ್ರವರಿ 17ಕ್ಕೆ ದೆಹಲಿ ಕೋರ್ಟ್ ರಮಣಿಯವರನ್ನ ಬಿಡುಗಡೆ ಮಾಡ್ತು, ದಶಕಗಳಾದ್ಮೇಲೂ ಹೆಣ್ಣುಮಗಳು ತನಗಾದದ್ದನ್ನ ತನಗೆ ಬೇಕಾದ ಕಡೆ ಹೇಳ್ಕೊಬಹುದು ಅಂತು. ಅಪೀಲು ಹೋಗಿದೆ, ಅದಿರ್ಲಿ. ಮಕ್ಕಳ ವಿಷಯಕ್ಕಂತೂ 2012ರ ಪೋಕ್ಸೋ ಕಾಯ್ದೆ ಇದೆ, ಮಗುವಿಗೆ ಹೀಗಾಗಿದೆ ಅಂತ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇದ್ರೆ ಆರು ತಿಂಗಳ ತನಕ ಜೈಲು ಅಥವಾ ದಂಡ. ಜಿಮ್ ಮನ್ರೋ ಮಾಡಿದ್ದನ್ನ ಇವತ್ತು ಇಲ್ಲಿ ಯಾರಾದ್ರೂ ಅಪ್ಪ ಮಾಡಿದ್ರೆ ಅದು ಮರ್ಯಾದೆ ಕಾಪಾಡಿದ್ದಲ್ಲ, ಅಪರಾಧ. 1098ಗೆ ಫೋನ್ ಮಾಡಿದ್ರೂ ಆಗುತ್ತೆ.

ಆ ಸಂಜೆ ಅವಳು ಹೊರಡೋವಾಗ ಕಪಾಟಿನ ಮುಂದೆ ನಿಂತು, "ಆ ಕಥೆ ಇರೋ ಪುಸ್ತಕ ಯಾವ್ದೇ ಅದು, ಹುಡುಗಿ ಮನೆಯೆಲ್ಲ ಒಡೆದು ಹಾಕ್ತಾಳಲ್ಲ" ಅಂದ್ಲು. ತೆಗೆದು ಕೊಟ್ಟೆ. ಕೊಟ್ಟ ಮೇಲೆ ನೆನಪಾಯ್ತು, ಕೊನೇ ಪುಟದಲ್ಲಿ ನನ್ನ ಪೆನ್ಸಿಲ್ ಸಾಲಿದೆ, ಅಳಿಸಿಲ್ಲ. ಅವಳು ಅದನ್ನ ಚೀಲಕ್ಕೆ ಹಾಕ್ಕೊಂಡು, ಅರ್ಧ ಡಬ್ಬಿ ಹಿತಕಿದ ಬೇಳೆ ಮೇಲಿಟ್ಕೊಂಡು ಆಟೋ ಹತ್ತಿದ್ಲು. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ.